ಅಪಘಾತದಲ್ಲಿ ‘ಶೇ 25 ನಿಮ್ಮದೇ ತಪ್ಪು’: ಈ ಪಾಲು ಬಂದದ್ದು ಎಲ್ಲಿಂದ?

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ತೀರ್ಪು ಕೈಗೆ ಬಂದರೆ ಎಲ್ಲರೂ ಮೊದಲು ತೆಗೆಯುವುದು ಕೊನೆಯ ಪುಟ. ಮೊತ್ತ ಇರುವುದು ಅಲ್ಲಿ. ಆದರೆ ಮೊತ್ತ ಇಳಿದದ್ದೇಕೆ ಎಂಬುದಕ್ಕೆ ಉತ್ತರ ಸಿಗುವುದು ನಡುವೆಲ್ಲೋ, ನಿರ್ಲಕ್ಷ್ಯ ಯಾರದು ಎಂಬ ವಿವಾದಾಂಶದ ಚರ್ಚೆಯಲ್ಲಿ. ಬೈಕ್ ಸವಾರನದೂ ಶೇ 25ರಷ್ಟು ತಪ್ಪಿದೆ ಎಂದು ಅಲ್ಲಿ ಬರೆದರೆ 12 ಲಕ್ಷದ ಪರಿಹಾರ 9 ಲಕ್ಷಕ್ಕೆ ಬಂದು ನಿಲ್ಲುತ್ತದೆ. ವಕೀಲರು ಇದನ್ನು ‘ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್’ ಎನ್ನುತ್ತಾರೆ. ಗಾಯಗೊಂಡವನೂ ತನ್ನ ಕಡೆಯಿಂದ ಸೇರಿಸಿದ ತಪ್ಪು ಎಂದರ್ಥ.

ಮೊದಲು ಹೀಗೆ ಪಾಲು ಹಾಕುವ ಪದ್ಧತಿಯೇ ಇರಲಿಲ್ಲ. ಇಂಗ್ಲೆಂಡಿನ ಡರ್ಬಿಯಲ್ಲಿ ಒಬ್ಬ ಮನೆ ರಿಪೇರಿ ಮಾಡಿಸುತ್ತ ರಸ್ತೆಗೆ ಅಡ್ಡವಾಗಿ ಗಳು ಇಟ್ಟಿದ್ದ. ಮುಸ್ಸಂಜೆಯಲ್ಲಿ ಕುದುರೆ ಓಡಿಸಿಕೊಂಡು ಬಂದವನೊಬ್ಬ ಅದಕ್ಕೆ ಬಡಿದು ಬಿದ್ದ. ನೂರು ಗಜ ದೂರದಿಂದ ಗಳು ಕಾಣುವಷ್ಟು ಬೆಳಕಿತ್ತೆಂದು ಸಾಕ್ಷ್ಯ ಬಂತು. 1809ರ ಆ ತೀರ್ಪಿನಲ್ಲಿ ಸವಾರನಿಗೆ ಬಿಡಿಗಾಸೂ ಸಿಗಲಿಲ್ಲ. ನಿನ್ನದೂ ತಪ್ಪಿದ್ದರೆ ಪೂರ್ತಿ ನಷ್ಟ ನಿನ್ನದೇ ಎಂಬುದು ಅಂದಿನ ನಿಯಮ. 1842ರಲ್ಲಿ ಇನ್ನೊಂದು ಕೇಸು: ಮುಂಗಾಲು ಕಟ್ಟಿ ರಸ್ತೆಬದಿ ಮೇಯಲು ಬಿಟ್ಟಿದ್ದ ಕತ್ತೆಯ ಮೇಲೆ ಮೂರು ಕುದುರೆಯ ಬಂಡಿ ಹರಿಯಿತು. ಅಪಘಾತ ತಪ್ಪಿಸುವ ಕೊನೆಯ ಅವಕಾಶ ಬಂಡಿಯವನಿಗಿತ್ತು, ಹಾಗಾಗಿ ಪೂರ್ತಿ ಹೊಣೆ ಅವನದು ಎಂದಾಯಿತು. ಹೊಣೆ ಆ ಕಡೆಯಿಂದ ಈ ಕಡೆಗೆ ಬಂತೇ ಹೊರತು ಪಾಲಾಗಲಿಲ್ಲ. ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ನಷ್ಟ ಹಂಚುವ ಕಾಯ್ದೆ 1911ರಲ್ಲಿ ಬಂದದ್ದು ಹಡಗುಗಳ ಡಿಕ್ಕಿಗೆ. ರಸ್ತೆಯ ಮೇಲಿನವರು 1945ರವರೆಗೆ ಕಾಯಬೇಕಾಯಿತು.

ಆ 1945ರ ಕಾಯ್ದೆಯಂಥದ್ದನ್ನು ಭಾರತ ಇಡೀ ದೇಶಕ್ಕೆಂದು ಮಾಡಲೇ ಇಲ್ಲ. ನಮ್ಮ ನ್ಯಾಯಾಲಯಗಳು ಅದರ ತತ್ವವನ್ನಷ್ಟೇ ತೆಗೆದುಕೊಂಡವು. 1939ರ ಮೋಟಾರು ವಾಹನ ಕಾಯ್ದೆಗೆ 1956ರಲ್ಲಿ ನ್ಯಾಯಮಂಡಳಿಗಳು ಸೇರಿದವು. 1982ರಲ್ಲಿ ಸೇರಿದ 92ಎ ಕಲಂ ಹೊಣೆಯ ಪಾಲಿನ ಮಾತೆತ್ತಿದ್ದು, ಆ ಕಾರಣಕ್ಕೆ ಪರಿಹಾರ ಕಡಿತ ಮಾಡಕೂಡದು ಎನ್ನಲು! ಸಾವಿಗೆ 15,000, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ, ತಪ್ಪು ಯಾರದೇ ಇರಲಿ. ಈಗ ಅದರ ಜಾಗದಲ್ಲಿರುವ, 1988ರ ಕಾಯ್ದೆಯ 164ನೇ ಕಲಂನಲ್ಲಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಪಾಲಿನ ಜಗಳವೆಲ್ಲ, ಎದುರಿನವನ ತಪ್ಪು ತೋರಿಸಿ 166ನೇ ಕಲಂನಡಿ ಹಾಕುವ ಅರ್ಜಿಗಳದ್ದು.

ಇಲ್ಲಿ ಹೆಚ್ಚು ಗೊಂದಲವಾಗುವುದು ಒಂದೇ ಕಡೆ. ಲಾರಿ ಮತ್ತು ಬೈಕ್ ಚಾಲಕರಿಬ್ಬರದೂ ತಪ್ಪು, ಗಾಯವಾದದ್ದು ಬೈಕಿನ ಹಿಂಬದಿ ಸವಾರನಿಗೆ ಎಂದುಕೊಳ್ಳಿ. ಅವನ ಮಟ್ಟಿಗೆ ಅದು ‘ಕಾಂಪೋಸಿಟ್’ ನೆಗ್ಲಿಜೆನ್ಸ್, ಅಂದರೆ ತನ್ನದಲ್ಲದ, ಬೇರೆಯವರ ತಪ್ಪುಗಳು ಒಟ್ಟು ಸೇರಿ ಆದದ್ದು. ಅವನ ಹಣದಲ್ಲಿ ಒಂದು ರೂಪಾಯಿಯೂ ಕಡಿತವಾಗಬಾರದು. ಇಬ್ಬರಲ್ಲಿ ಯಾರೊಬ್ಬರಿಂದ ಬೇಕಾದರೂ ಪೂರ್ತಿ ವಸೂಲಿ ಮಾಡಬಹುದು, ಒಳಗಿನ ಲೆಕ್ಕ ಅವರಿಬ್ಬರದು. ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ಕೆಎಸ್‌ಆರ್‌ಟಿಸಿ ಪ್ರಕರಣವೊಂದರಲ್ಲಿ ಈ ನಿಲುವು ತಳೆಯಿತು. 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತಪಡಿಸಿತು. ಅದೇ ಡಿಕ್ಕಿಯಲ್ಲಿ ಬೈಕ್ ಓಡಿಸುತ್ತಿದ್ದವನಿಗೂ ಗಾಯವಾಗಿದ್ದರೆ ಅವನದು ‘ಕಾಂಟ್ರಿಬ್ಯೂಟರಿ’, ಅವನ ಪಾಲು ಕಡಿತ. ಎರಡನ್ನೂ ಒಂದೇ ಎಂದುಕೊಂಡು ಸುಮ್ಮನೆ 50:50 ಮಾಡಿಬಿಡುವುದು ನ್ಯಾಯಮಂಡಳಿಗಳ ಸಾಮಾನ್ಯ ತಪ್ಪು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ.

ಇನ್ನೊಂದು ತಪ್ಪು ಕಲ್ಪನೆ, ನಿಯಮ ಮುರಿದರೆ ಪಾಲು ಕಟ್ಟಿಟ್ಟದ್ದು ಎಂಬುದು. ಲೈಸೆನ್ಸ್ ಇಲ್ಲದ ಮಾತ್ರಕ್ಕೆ ನಿರ್ಲಕ್ಷ್ಯ ಆಗದು (ಸುಪ್ರೀಂ ಕೋರ್ಟ್, 2008). ಬೈಕಿನಲ್ಲಿ ಮೂವರು ಕೂತ ಮಾತ್ರಕ್ಕೂ ಆಗದು. ಮೂವರಿದ್ದುದರಿಂದಲೇ ಅಪಘಾತವಾಯಿತು ಅಥವಾ ಗಾಯ ಹೆಚ್ಚಿತು ಎಂದು ತೋರಿಸಬೇಕು (ಸುಪ್ರೀಂ ಕೋರ್ಟ್, 2020). ಹೆಲ್ಮೆಟ್ ಇಲ್ಲದಿದ್ದರೆ ದಂಡ ಹಾಕಬಹುದು. ಆದರೆ ಮುರಿದದ್ದು ಕಾಲಾದರೆ ಹೆಲ್ಮೆಟ್ಟಿನ ಮಾತೇಕೆ?

ಕೊನೆಗೆ ಎಲ್ಲ ಬಂದು ನಿಲ್ಲುವುದು ಪೊಲೀಸರ ಸ್ಥಳ ಮಹಜರು ಮತ್ತು ಕೈನಕ್ಷೆಯ ಮೇಲೆ. ರಸ್ತೆ 24 ಅಡಿ ಅಗಲ, ಬೈಕ್ ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತಿತ್ತು ಎನ್ನಿ. ಪೂರ್ವದ 12 ಅಡಿ ಅದರ ಎಡಭಾಗ. ಡಿಕ್ಕಿಯ ಜಾಗ ಪೂರ್ವದ ಅಂಚಿನಿಂದ 5 ಅಡಿ ಎಂದಿದ್ದರೆ ಎದುರಿನ ಲಾರಿ ನಡುಗೆರೆ ದಾಟಿ 7 ಅಡಿ ಒಳಗೆ ಬಂದಿದೆ. 14 ಅಡಿ ಎಂದಿದ್ದರೆ ದಾಟಿದ್ದು ಬೈಕು. 11–12 ಅಡಿ ಇದ್ದರೆ ಅರ್ಧರ್ಧದ ವಾದ ಶುರು. ಎಡವಟ್ಟಾಗುವುದೂ ಇಲ್ಲೇ: ಡಿಕ್ಕಿಯ ನಂತರ ವಾಹನ ಉರುಳಿ ನಿಂತ ಜಾಗವನ್ನೇ ಡಿಕ್ಕಿಯ ಜಾಗವೆಂದು ಗುರುತು ಹಾಕಿಬಿಡುತ್ತಾರೆ. ಗಾಜಿನ ಚೂರು, ಆಯಿಲ್ ಕಲೆ, ಟೈರ್ ಉಜ್ಜಿದ ಗುರುತು ಎಲ್ಲಿದ್ದವು ಎಂಬುದನ್ನು ಅದರ ಜೊತೆಗಿಟ್ಟು ನೋಡಬೇಕು. ಮೋಟಾರು ವಾಹನ ನಿರೀಕ್ಷಕರ ಐಎಂವಿ ವರದಿಯಲ್ಲಿ ಜಖಂ ಆದದ್ದು ಬಲ ಮುಂಭಾಗವೋ ಎಡವೋ ಎಂಬ ಸಾಲು ನಕ್ಷೆಗೆ ತಾಳೆಯಾಗಬೇಕು.

ರಾತ್ರಿ ರಸ್ತೆಯಲ್ಲಿ ದೀಪ ಹಾಕದೆ ನಿಲ್ಲಿಸಿದ ಲಾರಿಗೆ ಹಿಂದಿನಿಂದ ಗುದ್ದಿದ ಪ್ರಕರಣಗಳಲ್ಲಿ ‘ನೋಡಿಕೊಂಡು ಬರಬೇಕಿತ್ತು’ ಎಂದು ಅರ್ಧ ಕಡಿತ ಮಾಡುವುದು ರೂಢಿಯಂತಾಗಿತ್ತು. ಅಂಥದ್ದೊಂದು ಟ್ಯಾಂಕರ್ ಪ್ರಕರಣದಲ್ಲಿ ಹೈಕೋರ್ಟಿನ 50:50 ಹಂಚಿಕೆಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ತಳ್ಳಿಹಾಕಿ, ಕಾರಿನವರ ಪಾಲು ಸೊನ್ನೆ ಎಂದಿತು. ಪಾರ್ಕಿಂಗ್ ಲೈಟ್ ಇತ್ತೇ, ರಿಫ್ಲೆಕ್ಟರ್ ಇತ್ತೇ, ಹಿಂದೆ ಏನಾದರೂ ಗುರುತು ಇಟ್ಟಿದ್ದರೇ ಎಂಬುದು ಮಹಜರಿನಲ್ಲಿ ಬರೆದಿರಲೇಬೇಕು.

2022ರ ಏಪ್ರಿಲ್ 1ರಿಂದ ಪೊಲೀಸರು ಮೊದಲ ಅಪಘಾತ ವರದಿಯನ್ನು 48 ಗಂಟೆಯಲ್ಲಿ, ಮಧ್ಯಂತರ ವರದಿಯನ್ನು 50 ದಿನದಲ್ಲಿ, ಪೂರ್ಣ ವರದಿಯನ್ನು 90 ದಿನದಲ್ಲಿ ನ್ಯಾಯಮಂಡಳಿಗೆ ಕೊಡಬೇಕು. ಅರ್ಜಿ ಹಾಕಲು ಕಾಯ್ದೆ ಕೊಟ್ಟಿರುವ ಗಡುವು ಆರು ತಿಂಗಳು. ಸವಾರನದೂ ತಪ್ಪಿದೆ ಎನ್ನುವ ವಿಮಾ ಕಂಪನಿಯೇ ಅದನ್ನು ಸಾಬೀತು ಮಾಡಬೇಕು, ಅದಕ್ಕೆ ಲಾರಿ ಚಾಲಕನನ್ನು ಸಾಕ್ಷಿಕಟ್ಟೆಗೆ ತರುವುದು ಸಹಜ ದಾರಿ. ಹಲವು ಕೇಸುಗಳಲ್ಲಿ ಅವನು ಬರುವುದೇ ಇಲ್ಲ. ಕಂಪನಿ ಬರೀ ಚಾರ್ಜ್‌ಶೀಟ್ ಹಾಜರುಪಡಿಸಿ ಕೈತೊಳೆದುಕೊಂಡಿದ್ದರೆ, ಮೇಲ್ಮನವಿಯಲ್ಲಿ ಆ ಶೇ 25 ಪ್ರಶ್ನಿಸಲು ಮೊದಲ ಎಳೆ ಅದೇ.