ಚಳಿಗಾಲದಲ್ಲಿ ಬಯಲಿನಲ್ಲಿಟ್ಟ ದೋಣಿಗೆ ಬೂಸ್ಟು ಹಿಡಿಯದಂತೆ ಕಾಯುವುದು: ಒಂದು ಅಧ್ಯಯನ ಟಿಪ್ಪಣಿ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಅಕ್ಟೋಬರ್ ಬಂತೆಂದರೆ ಸರೋವರಗಳಲ್ಲಿದ್ದ ದೋಣಿಗಳನ್ನು ಒಂದೊಂದಾಗಿ ನೀರಿನಿಂದ ಮೇಲಕ್ಕೆತ್ತಿ, ಟ್ರೇಲರ್ ಮೇಲೋ ಕಬ್ಬಿಣದ ಆಸರೆಗಳ ಮೇಲೋ ಕೂರಿಸಿ, ಹೊದಿಕೆ ಹಾಕಿ ಬಿಡುತ್ತಾರೆ. ಅವು ಮತ್ತೆ ನೀರಿಗಿಳಿಯುವುದು ಏಪ್ರಿಲ್ ಕೊನೆಗೆ ಅಥವಾ ಮೇ ತಿಂಗಳಿನಲ್ಲಿ. ಶೆಡ್ಡಿನೊಳಗೆ ಜಾಗ ಸಿಗದ ದೋಣಿಗಳು ಈ ಆರು ತಿಂಗಳನ್ನು ಬಯಲಿನಲ್ಲೇ ಕಳೆಯುತ್ತವೆ. ವಸಂತದಲ್ಲಿ ಹೊದಿಕೆ ಸರಿಸಿದಾಗ ಮುಗ್ಗಲು ವಾಸನೆ ಮೂಗಿಗೆ ಬಡಿದರೆ, ಆ ವರ್ಷದ ಮೊದಲ ಎರಡು ವಾರ ಉಜ್ಜುವುದರಲ್ಲೇ ಹೋಗುತ್ತದೆ. ಸಣ್ಣ ಕ್ಯಾಬಿನ್ ಇರುವ, 20ರಿಂದ 25 ಅಡಿ ಉದ್ದದ ಫೈಬರ್‌ಗ್ಲಾಸ್ ದೋಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಟಿಪ್ಪಣಿಯನ್ನು ಬರೆದಿದ್ದೇನೆ. ಎಂಜಿನ್ ಮತ್ತು ನೀರಿನ ಕೊಳವೆಗಳು ಹೆಪ್ಪುಗಟ್ಟದಂತೆ ಮಾಡುವ ಕೆಲಸ ಬೇರೆಯೇ ಪಾಠವಾದ್ದರಿಂದ ಅದನ್ನು ಇಲ್ಲಿ ಮುಟ್ಟುವುದಿಲ್ಲ.

ಬೂಸ್ಟು ಎಂದರೆ ಶಿಲೀಂಧ್ರಗಳ ಬೆಳೆ. ಅದಕ್ಕೆ ಬೀಜಕ, ಆಹಾರ, ಹದವಾದ ಉಷ್ಣತೆ ಮತ್ತು ತೇವ ಬೇಕು. ಬೀಜಕಗಳು ಗಾಳಿಯಲ್ಲಿ ಸದಾ ತೇಲುತ್ತಿರುವುದರಿಂದ ಅವುಗಳನ್ನು ಹೊರಗಿಡುವುದು ಅಸಾಧ್ಯ. ಫೈಬರ್‌ಗ್ಲಾಸ್ ಮತ್ತು ನೈಲಾನ್ ಶಿಲೀಂಧ್ರಕ್ಕೆ ಒಳ್ಳೆಯ ಆಹಾರವಲ್ಲದಿದ್ದರೂ, ಅವುಗಳ ಮೇಲೆ ಬೇಸಿಗೆಯಿಡೀ ಕೂತ ಧೂಳು, ಮೈಯೆಣ್ಣೆ, ಸನ್‌ಸ್ಕ್ರೀನ್, ಮೀನಿನ ಲೋಳೆ ಮತ್ತು ತಿಂಡಿಯ ಪುಡಿ ಅದಕ್ಕೆ ಹಬ್ಬದೂಟ. ಬಹುತೇಕ ಶಿಲೀಂಧ್ರಗಳಿಗೆ 20ರಿಂದ 30 ಡಿಗ್ರಿ ಸೆಲ್ಸಿಯಸ್ ಹಿತವಾದರೂ, ಕ್ಲಾಡೋಸ್ಪೋರಿಯಂ ಮತ್ತು ಪೆನಿಸಿಲಿಯಂ ಗುಂಪಿನ ಕೆಲವು ಬಗೆಗಳು ಫ್ರಿಜ್ಜಿನ ಚಳಿಯಲ್ಲೂ ನಿಧಾನವಾಗಿ ಬೆಳೆಯುತ್ತವೆ. ನೀರು ಹೆಪ್ಪುಗಟ್ಟುವಷ್ಟು ಚಳಿ ಬಂದಾಗ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ, ಆದರೆ ಬೀಜಕಗಳು ಸಾಯುವುದಿಲ್ಲ. ಹೀಗಾಗಿ ದೋಣಿಗೆ ನಿಜವಾದ ಅಪಾಯವಿರುವುದು ಹಿಮ ಸುರಿಯುವ ಜನವರಿಯಲ್ಲಲ್ಲ. ಹೊದಿಸಿದ ನಂತರದ ಅಕ್ಟೋಬರ್ ಮತ್ತು ನವೆಂಬರ್ ವಾರಗಳು, ಹೊದಿಕೆ ತೆಗೆಯುವ ಮುಂಚಿನ ಮಾರ್ಚ್ ಮತ್ತು ಏಪ್ರಿಲ್ ವಾರಗಳು, ಈ ಎರಡು ಕಿರುಗಾಲಗಳಲ್ಲೇ ಹೆಚ್ಚಿನ ಹಾನಿ ಆಗಿಹೋಗುತ್ತದೆ. ಈ ಒಂದು ವಿಷಯ ತಲೆಗೆ ಹತ್ತಿದರೆ ಮುಂದಿನ ಕ್ರಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ ಎಂಬುದು ನನ್ನ ಅನುಭವ.

ನಾವು ಹಿಡಿತದಲ್ಲಿಡಬಹುದಾದದ್ದು ತೇವ ಮತ್ತು ಒಂದಷ್ಟು ಮಟ್ಟಿಗೆ ಆಹಾರ, ಎರಡೇ. ಮನೆಯೊಳಗಿನ ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಅದರಲ್ಲಿದೆ ಎಂಬ ಅಳತೆ) ಶೇ. 60ಕ್ಕಿಂತ ಕಡಿಮೆ, ಸಾಧ್ಯವಾದರೆ ಶೇ. 30ರಿಂದ 50ರ ನಡುವೆ ಇರಬೇಕು ಎಂದೂ, ಒದ್ದೆಯಾದ ವಸ್ತುಗಳನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಬೇಕು ಎಂದೂ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ದೋಣಿಗೂ ಇದೇ ಅಳತೆಯನ್ನು ಹಿಡಿಯಬಹುದು.

ಒಂದು ಸಣ್ಣ ಲೆಕ್ಕ

ತೇವ ಎಲ್ಲಿಂದ ಬರುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು, ಏಕೆಂದರೆ ಇಲ್ಲಿ ಊಹೆ ದಾರಿ ತಪ್ಪಿಸುತ್ತದೆ. 15 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 12.8 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳುತ್ತದೆ. 0 ಡಿಗ್ರಿಯಲ್ಲಿ ಅದು 4.8 ಗ್ರಾಂಗೆ ಇಳಿಯುತ್ತದೆ. ಹೊದಿಕೆಯ ಕೆಳಗೆ 10 ಘನ ಮೀಟರ್ ಗಾಳಿಯಿದೆ, ಮುಚ್ಚುವ ದಿನ 15 ಡಿಗ್ರಿ ಉಷ್ಣತೆ ಮತ್ತು ಶೇ. 70 ಆರ್ದ್ರತೆ ಇತ್ತು ಎಂದುಕೊಳ್ಳೋಣ. ಆ ಗಾಳಿಯಲ್ಲಿ ಸುಮಾರು 90 ಗ್ರಾಂ ನೀರಿರುತ್ತದೆ. ರಾತ್ರಿ 0 ಡಿಗ್ರಿಗೆ ತಣ್ಣಗಾದಾಗ ಗಾಳಿ 48 ಗ್ರಾಂ ಮಾತ್ರ ಉಳಿಸಿಕೊಳ್ಳಬಲ್ಲದು. ಉಳಿದ 40 ಗ್ರಾಂಗೆ ತುಸು ಹೆಚ್ಚಿನ ನೀರು, ಅಂದರೆ ಎರಡು ಮೂರು ದೊಡ್ಡ ಚಮಚದಷ್ಟು, ಹನಿಯಾಗಿ ತಣ್ಣನೆಯ ಮೇಲ್ಮೈಗಳಿಗೆ ಅಂಟುತ್ತದೆ.

ಇದು ಅಷ್ಟೇನೂ ದೊಡ್ಡ ಮೊತ್ತವಲ್ಲ. ಆದರೆ ಕಾರ್ಪೆಟ್ಟಿನ ಅಡಿಯಲ್ಲೋ ಬಿಲ್ಜಿನಲ್ಲೋ, ಅಂದರೆ ದೋಣಿಯ ತಳದ ನೀರು ಸೇರುವ ಗುಂಡಿಯಲ್ಲೋ, ಒಂದು ಲೀಟರ್ ನೀರು ಉಳಿದಿದ್ದರೆ ಅದು ಅಂತಹ 24 ರಾತ್ರಿಗಳಿಗೆ ಸಾಕಾಗುವ ದಾಸ್ತಾನು. ಹಗಲು ಬಿಸಿಲಿಗೆ ಅದು ಆವಿಯಾಗುತ್ತದೆ, ರಾತ್ರಿ ಹೊದಿಕೆಯ ಒಳಮೈಯಲ್ಲಿ ಹನಿಗಟ್ಟುತ್ತದೆ, ಆಸನಗಳ ಮೇಲೆ ತೊಟ್ಟಿಕ್ಕುತ್ತದೆ, ಮರುದಿನ ಮತ್ತೆ ಮೇಲೇಳುತ್ತದೆ. ಹೊದಿಕೆ ಭದ್ರವಾಗಿದ್ದಷ್ಟೂ ಈ ಸುತ್ತು ಬಿಡದೆ ನಡೆಯುತ್ತದೆ. ಹಪ್ಪಳ ಸಂಡಿಗೆಗಳನ್ನು ಕಟಕಟನೆ ಒಣಗುವವರೆಗೆ ಬಿಸಿಲಿನಲ್ಲಿಟ್ಟು ಆಮೇಲಷ್ಟೇ ಡಬ್ಬಿಗೆ ತುಂಬುವ ನಮ್ಮ ಮನೆಗಳ ಪದ್ಧತಿಯ ಹಿಂದಿರುವುದೂ ಇದೇ ತಿಳಿವು: ಹಸಿಯಿರುವಾಗ ಮುಚ್ಚಿದ ಮುಚ್ಚಳ ರಕ್ಷಿಸುವುದಿಲ್ಲ, ಕೊಳೆಸುತ್ತದೆ.

ಇದೇ ಲೆಕ್ಕವನ್ನು ಮುಂದುವರಿಸಿದರೆ ಇನ್ನೊಂದು ಉಪಯುಕ್ತ ಸಂಗತಿ ಸಿಗುತ್ತದೆ. ಮೈನಸ್ 5 ಡಿಗ್ರಿಯ ಹೊರಗಾಳಿ ಶೇ. 90 ಆರ್ದ್ರತೆಯಲ್ಲಿದ್ದರೂ ಅದರಲ್ಲಿರುವ ನೀರು ಘನ ಮೀಟರಿಗೆ 3 ಗ್ರಾಂನಷ್ಟು ಮಾತ್ರ. ಅದು ಒಳಗೆ ಬಂದು, ಬಿಸಿಲು ತಾಗಿದ ಹೊದಿಕೆಯ ಕೆಳಗೆ 10 ಡಿಗ್ರಿಗೆ ಬೆಚ್ಚಗಾದರೆ ಅದರ ಸಾಪೇಕ್ಷ ಆರ್ದ್ರತೆ ಶೇ. 33ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಚಳಿಗಾಲದ ಹೊರಗಾಳಿಯೇ ನಮಗೆ ಪುಕ್ಕಟೆಯಾಗಿ ಸಿಗುವ ಒಣಗಿಸುವ ಯಂತ್ರ. ಅದಕ್ಕೆ ಒಳಬರಲು ಒಂದು ದಾರಿ, ಹೊರಹೋಗಲು ಇನ್ನೊಂದು ದಾರಿ ಬೇಕು.

ಮುಚ್ಚುವ ಮುಂಚಿನ ಕೆಲಸ

ಈ ಕೆಲಸದಲ್ಲಿ ಮುಕ್ಕಾಲು ಪಾಲು ಹೊದಿಕೆ ಹಾಕುವ ಮುಂಚೆಯೇ ಮುಗಿದಿರಬೇಕು. ಮೊದಲಿಗೆ ದೋಣಿಯ ಮುಂಭಾಗವನ್ನು ಹಿಂಭಾಗಕ್ಕಿಂತ ಸ್ವಲ್ಪ ಎತ್ತರಿಸಿ ನಿಲ್ಲಿಸಿ, ಹಿಂಭಾಗದ ಡ್ರೈನ್ ಪ್ಲಗ್ಗನ್ನು ಬಿಚ್ಚಿ, ಅದು ಕಳೆದುಹೋಗದಂತೆ ಸ್ಟಿಯರಿಂಗಿಗೆ ಕಟ್ಟಬೇಕು. ಬಿಲ್ಜನ್ನು ಸೋಪುನೀರಿನಿಂದ ತೊಳೆದು, ಎಣ್ಣೆ ಮತ್ತು ಕೆಸರು ಹೋಗುವಂತೆ ಉಜ್ಜಿ, ಉಳಿದ ನೀರನ್ನು ಸ್ಪಂಜಿನಿಂದ ಹೀರಿ ತೆಗೆಯಬೇಕು. ದೋಣಿಯ ಅಡ್ಡಪಟ್ಟಿಗಳಲ್ಲಿ ನೀರು ಹರಿಯಲೆಂದು ಬಿಟ್ಟಿರುವ ಸಣ್ಣ ತೂತುಗಳಲ್ಲಿ ಎಲೆ, ಕೂದಲು ಸಿಕ್ಕಿಕೊಂಡಿದ್ದರೆ ಹಿಂದೆ ನಿಂತ ನೀರು ಡ್ರೈನಿನವರೆಗೆ ಬರುವುದೇ ಇಲ್ಲ; ಪ್ರತಿಯೊಂದರಲ್ಲೂ ಒಂದು ತಂತಿಯನ್ನು ಆಡಿಸಿ ನೋಡಬೇಕು.

ತೆಗೆಯಬಹುದಾದ ಎಲ್ಲವನ್ನೂ ಮನೆಗೆ ಒಯ್ಯುವುದೇ ಸರಿ ಎಂದು ನಾನು ಒತ್ತಿ ಹೇಳುತ್ತೇನೆ. ಮೆತ್ತೆಗಳು, ಲೈಫ್ ಜಾಕೆಟ್‌ಗಳು, ಹಗ್ಗಗಳು, ಟವೆಲ್ಲುಗಳು, ಕಾಗದದ ನಕಾಶೆಗಳು, ಆಹಾರದ ಪೊಟ್ಟಣಗಳು, ಬಿಚ್ಚಲು ಬರುವ ಕಾರ್ಪೆಟ್ಟು, ಇವೆಲ್ಲವೂ ನೀರು ಹೀರಿಕೊಂಡು ಕೂರುವ ವಸ್ತುಗಳು. ಕಳೆದ ಏಪ್ರಿಲ್‌ನಲ್ಲಿ ನಾನು ಒಂದು ಆಸನದ ಕೆಳಗಿನ ಪೆಟ್ಟಿಗೆಯನ್ನು ತೆರೆದಾಗ ಒಳಗೆ ಒಂದೇ ಒಂದು ಲೈಫ್ ಜಾಕೆಟ್ ಮಡಿಸಿದಂತೆಯೇ ಉಳಿದಿತ್ತು. ಅದರ ಹೊರಮೈ ನೋಡಲು ಸ್ವಚ್ಛವಾಗಿತ್ತು. ಮಡಿಕೆ ಬಿಡಿಸಿದ ಮೇಲೆ ಪಟ್ಟಿಯ ಹೊಲಿಗೆಯ ಗುಂಟ, ಸೂಜಿ ಚುಚ್ಚಿದ ಪ್ರತಿ ತೂತಿನ ಸುತ್ತ, ಸಾಸಿವೆಗಿಂತ ಚಿಕ್ಕದಾದ ಕಪ್ಪು ಚುಕ್ಕೆಗಳು ಸಾಲಾಗಿ ಕೂತಿದ್ದವು. ಹೊಲಿಗೆಯ ದಾರದ ಮೂಲಕ ನೀರು ಒಳಗಿನ ಪದರಕ್ಕೆ ಇಳಿಯುತ್ತದೆ, ಮಡಿಕೆಯೊಳಗೆ ಗಾಳಿ ಆಡುವುದಿಲ್ಲ. ಬೂಸ್ಟಿಗೆ ಇನ್ನೇನು ಬೇಕು? ಆ ಪೆಟ್ಟಿಗೆಯ ಗೋಡೆಗಳಿಗೂ ಅಲ್ಲಿಂದಲೇ ಹಬ್ಬಲು ಶುರುವಾಗಿತ್ತು.

ಮನೆಗೆ ಒಯ್ಯಲಾಗದ ಮೆತ್ತೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಒಂದಕ್ಕೊಂದು ತಾಗದಂತೆ, ದೋಣಿಯ ಹೊರಗೋಡೆಗೂ ಒರಗದಂತೆ ಇಡಬೇಕು. ಪೆಟ್ಟಿಗೆಗಳ ಮುಚ್ಚಳ, ಕ್ಯಾಬಿನ್ನಿನ ಬಾಗಿಲು, ಐಸ್ ಪೆಟ್ಟಿಗೆ, ಫ್ರಿಜ್ಜಿನ ಬಾಗಿಲು, ನೆಲದ ಮುಚ್ಚಳಗಳು, ಎಲ್ಲವನ್ನೂ ಮರದ ತುಂಡು ಕೊಟ್ಟು ತೆರೆದೇ ಬಿಡಬೇಕು. ಬಳಿಕ ಎಲ್ಲ ಮೇಲ್ಮೈಗಳನ್ನು ಸೌಮ್ಯವಾದ ಸೋಪಿನಿಂದ ಒರೆಸಿ, ಸಾಬೂನಿನ ಅಂಶ ಉಳಿಯದಂತೆ ತೊಳೆದು, ಬಿಸಿಲಿರುವ ಎರಡು ಮೂರು ದಿನ, ಬಿಸಿಲಿಲ್ಲದಿದ್ದರೆ ಫ್ಯಾನು ಹಾಕಿ ಒಣಗಿಸಬೇಕು. ಮಳೆ ಬರುವ ಸೂಚನೆ ನೋಡಿ ಅವಸರದಲ್ಲಿ ಹಸಿದೋಣಿಯನ್ನೇ ಮುಚ್ಚುವುದಕ್ಕಿಂತ, ಸಡಿಲವಾಗಿ ತಾಡಪಾಲು ಎಳೆದು ಮುಂದಿನ ಒಣದಿನಗಳಿಗೆ ಕಾಯುವುದು ಮೇಲು.

ಹೊದಿಕೆ

ಹೊದಿಕೆಗೆ ಎರಡು ಜವಾಬ್ದಾರಿಗಳಿವೆ: ಮಳೆ ಮತ್ತು ಹಿಮವನ್ನು ಹೊರಗಿಡಬೇಕು, ಒಳಗಿನ ಆವಿಯನ್ನು ಹೊರಗೆ ಬಿಡಬೇಕು. ಅಕ್ರಿಲಿಕ್ ನೂಲಿನ ಕ್ಯಾನ್ವಾಸ್ ಬಟ್ಟೆ ಒಂದಿಷ್ಟು ಉಸಿರಾಡುತ್ತದೆ. ಅಗ್ಗದ ಪ್ಲಾಸ್ಟಿಕ್ ತಾಡಪಾಲು ಸ್ವಲ್ಪವೂ ಉಸಿರಾಡುವುದಿಲ್ಲ. ಬಿಸಿಗಾಳಿ ತಾಗಿಸಿ ದೋಣಿಯ ಮೈಗೆ ಬಿಗಿಯುವಂತೆ ಮಾಡುವ ಪಾಲಿಥಿನ್ ಶ್ರಿಂಕ್ ರ‍್ಯಾಪ್ ಹಿಮವನ್ನು ಚೆನ್ನಾಗಿ ತಡೆಯುತ್ತದಾದರೂ, ಅದಕ್ಕೆ ಗಾಳಿಗಿಂಡಿಗಳನ್ನು ಕೂರಿಸದಿದ್ದರೆ ಅದು ದೋಣಿಯಷ್ಟು ದೊಡ್ಡ ಪ್ಲಾಸ್ಟಿಕ್ ಚೀಲವೇ ಸರಿ. ಕಿಂಡಿಗಳು ಮುಂದೊಂದು ಹಿಂದೊಂದು, ಎದುರುಬದುರಾಗಿ, ಕೆಲವು ಮೇಲೆ ಕೆಲವು ಕೆಳಗೆ ಇದ್ದರೆ ಗಾಳಿ ತಾನಾಗಿ ಹಾದುಹೋಗುತ್ತದೆ. ನೀಲಿ ಹಾಳೆ ಬಿಸಿಲನ್ನು ಹೀರಿ ಹಿಮ ಕರಗಲು ನೆರವಾಗುತ್ತದೆ. ಬಿಳಿ ಹಾಳೆಯ ಕೆಳಗೆ ಅಷ್ಟು ಸೆಕೆಯಾಗುವುದಿಲ್ಲವಾದ್ದರಿಂದ ಮಾರ್ಚ್ ಬಿಸಿಲಿನ ದಿನಗಳಲ್ಲಿ ಅದೇ ಮೇಲೆನಿಸುತ್ತದೆ.

ಯಾವ ಬಗೆಯದಾದರೂ ಹೊದಿಕೆ ದೋಣಿಯ ಮೇಲೆ ಮಲಗಿರಬಾರದು. ನಡುವೆ ಉದ್ದಕ್ಕೆ ಒಂದು ಗಳ ಕಟ್ಟಿ, ಮನೆಯ ಸೂರಿನಂತೆ ಇಳಿಜಾರು ಮಾಡಿದರೆ ಹಿಮ ಜಾರಿ ಬೀಳುತ್ತದೆ, ಒಳಗೆ ಗಾಳಿಗೆ ಜಾಗವಿರುತ್ತದೆ, ಒಳಮೈಯ ಹನಿಗಳು ಆಸನದ ಮೇಲೆ ಬೀಳದೆ ಅಂಚಿಗೆ ಹರಿಯುತ್ತವೆ. ತಾಡಪಾಲಿನ ಅಂಚನ್ನು ನೆಲದವರೆಗೆ ಇಳಿಸಿ ಬಿಗಿದು ಕಟ್ಟುವುದು ಸಾಮಾನ್ಯವಾಗಿ ಕಾಣುವ ತಪ್ಪು. ಹಾಗೆ ಕಟ್ಟಿದಾಗ ಕೆಳಗಿನ ಒದ್ದೆ ಮಣ್ಣಿನ ಆವಿಯೂ ಒಳಗೇ ಸೇರುತ್ತದೆ.

ತೇವ ಹೀರುವ ಪದಾರ್ಥಗಳ ಬಗ್ಗೆ

ಅಂಗಡಿಗಳಲ್ಲಿ ಸಿಗುವ ತೇವ ಹೀರುವ ಡಬ್ಬಿಗಳಲ್ಲಿ ಬಹಳಷ್ಟರಲ್ಲಿ ಇರುವುದು ಕ್ಯಾಲ್ಸಿಯಂ ಕ್ಲೋರೈಡ್. ಅದು ಗಾಳಿಯ ತೇವವನ್ನು ಎಳೆದುಕೊಂಡು ತಾನೇ ಕರಗಿ ಉಪ್ಪುನೀರಾಗುತ್ತದೆ. ಆ ನೀರು ಚೆಲ್ಲಿದರೆ ಲೋಹಕ್ಕೆ ತುಕ್ಕು ಹಿಡಿಸುತ್ತದೆ, ವೈರುಗಳ ಜೋಡಣೆಯನ್ನು ಕೆಡಿಸುತ್ತದೆ. ತಿಂಗಳುಗಟ್ಟಲೆ ಯಾರೂ ಹೋಗಿ ನೋಡದ ದೋಣಿಯಲ್ಲಿ ತುಂಬಿದ ಡಬ್ಬಿ ಉಪಕಾರಕ್ಕಿಂತ ಅಪಾಯವೇ ಹೆಚ್ಚು. ಸಿಲಿಕಾ ಜೆಲ್ ಕರಗುವುದಿಲ್ಲ, ಒಲೆಯಲ್ಲಿ ಕಾಯಿಸಿ ಮತ್ತೆ ಬಳಸಲೂ ಬರುತ್ತದೆ. ಆದರೆ ಇಡೀ ಕ್ಯಾಬಿನ್ನಿಗೆ ಬೇಕಾದಷ್ಟು ಇಡುವುದು ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ಗಾಳಿಗಿಂಡಿಗಳಿರುವ ಹೊದಿಕೆಯ ಕೆಳಗೆ ಇಂತಹ ಡಬ್ಬಿ ಇಡುವುದು ಊರ ಗಾಳಿಯನ್ನೆಲ್ಲ ಒಣಗಿಸಲು ಹೊರಟಂತೆ. ಒಂದೋ ಗಾಳಿ ಆಡಲು ಬಿಡಬೇಕು, ಇಲ್ಲವೇ ಪೂರ್ತಿ ಮುಚ್ಚಿ ತೇವ ಹೀರಿಸಬೇಕು. ಬಯಲಿನಲ್ಲಿ ವಿದ್ಯುತ್ತಿಲ್ಲದೆ ನಿಂತ ದೋಣಿಗೆ ಮೊದಲನೆಯದನ್ನೇ ನಾನು ಆರಿಸುತ್ತೇನೆ. ಮುಚ್ಚಿಡಬಹುದಾದ ಸಣ್ಣ ಉಪಕರಣ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಡುವುದಕ್ಕೆ ಅಡ್ಡಿಯಿಲ್ಲ.

ವಿದ್ಯುತ್ ಇರುವ ಕಡೆ ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ತೆಗೆಯುವ ಯಂತ್ರ, ಇಡುವವರು ಒಂದು ವಿಷಯ ತಿಳಿದಿರಬೇಕು: ಕಂಪ್ರೆಸರ್ ಬಗೆಯದು ಚಳಿಯಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಅದರ ಸುರುಳಿಗೆ ಮಂಜು ಕಟ್ಟುತ್ತದೆ. ತೇವ ಹೀರುವ ಚಕ್ರವಿರುವ ಬಗೆಯದು ತಣ್ಣನೆಯ ಜಾಗಕ್ಕೆ ಹೊಂದುತ್ತದೆ. ಬಿಸಿ ಮಾಡುವ ಯಾವ ಉಪಕರಣವನ್ನೂ ಯಾರೂ ಇಲ್ಲದ ದೋಣಿಯಲ್ಲಿ ಉರಿಯಬಿಟ್ಟು ಹೋಗಬಾರದು.

ನಡುವಿನ ಭೇಟಿಗಳು ಮತ್ತು ವಸಂತ

ತಿಂಗಳಿಗೊಮ್ಮೆಯಾದರೂ ಹೋಗಿ ಕಿಂಡಿಗಳ ಮೇಲಿನ ಹಿಮ ತೆಗೆದು, ಹೊದಿಕೆಯ ಒಳಮೈಯನ್ನು ಕೈಯಿಂದ ಸವರಿ ನೋಡಬೇಕು. ಕೈ ಒದ್ದೆಯಾದರೆ ಎಲ್ಲೋ ನೀರು ಉಳಿದಿರಬಹುದು, ಇಲ್ಲವೇ ಗಾಳಿ ಸಾಕಷ್ಟು ಆಡುತ್ತಿಲ್ಲದಿರಬಹುದು. ಮಾರ್ಚ್‌ನಲ್ಲಿ ಎಚ್ಚರ ಹೆಚ್ಚು ಬೇಕು, ಏಕೆಂದರೆ ಆಗ ಬೆಚ್ಚಗಿನ ತೇವದ ಗಾಳಿ ಒಳಬಂದು, ಇನ್ನೂ ತಣ್ಣಗಿರುವ ದೋಣಿಯ ಮೈಗೆ ತಾಗಿ ಹನಿಗಟ್ಟುತ್ತದೆ. ಒಣಬಿಸಿಲಿನ ಮಧ್ಯಾಹ್ನಗಳಲ್ಲಿ ಹೊದಿಕೆಯ ಒಂದು ಬದಿಯನ್ನು ಎತ್ತಿ ಕಟ್ಟಿ, ಸಂಜೆಗೆ ಇಳಿಸುವುದು ಆ ಕಾಲಕ್ಕೆ ತಕ್ಕ ಕ್ರಮ.

ಇಷ್ಟಾದರೂ ಬೂಸ್ಟು ಕಂಡರೆ, ಎನ್95 ಮುಖಗವಸು ಮತ್ತು ಕೈಗವಸು ಹಾಕಿಕೊಂಡು, ವಸ್ತುವನ್ನು ಹೊರಗೆ ತಂದು, ಮೊದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ಒಣಗಿದ್ದಾಗಲೇ ಉಜ್ಜಿದರೆ ಬೀಜಕಗಳು ಎದ್ದು ಹರಡುತ್ತವೆ. ಗಟ್ಟಿ ಮೇಲ್ಮೈಗೆ ಸೋಪುನೀರು, ಆಮೇಲೆ ಬೇಕಿದ್ದರೆ ವಿನೆಗರ್ ಸಾಕು. ಬ್ಲೀಚು ವಿನೈಲ್ ಆಸನಗಳ ಹೊಲಿಗೆಯನ್ನು ದುರ್ಬಲಗೊಳಿಸುತ್ತದೆ. ವಿನೆಗರ್ ಅಥವಾ ಅಮೋನಿಯಾ ಜೊತೆಗೆ ಅದನ್ನು ಎಂದೂ ಬೆರೆಸಬಾರದು, ಹಾಗೆ ಬೆರೆತಾಗ ವಿಷಾನಿಲ ಹೊರಡುತ್ತದೆ. ಬಿಳಿ ವಿನೈಲಿನ ಮೇಲೆ ಕಾಣುವ ಗುಲಾಬಿ ಕಲೆ ಬೇರೆಯದು: ಕೆಳಗಿನ ಪದರದಲ್ಲಿ ಬೆಳೆದ ಸೂಕ್ಷ್ಮಜೀವಿಗಳ ಬಣ್ಣ ವಿನೈಲಿನೊಳಗೆ ಇಳಿದು ಮೇಲಕ್ಕೆ ಬಂದಿರುವುದರಿಂದ, ಮೇಲಿಂದ ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಅಂತಹ ಕಡೆ ಒಳಗಿನ ಸ್ಪಂಜು ಒದ್ದೆಯಾಗಿದೆಯೇ ಎಂದು ಬಿಚ್ಚಿ ನೋಡಬೇಕಾಗುತ್ತದೆ.

ತೊಳೆಯುವ ಮುಂಚೆ ಇನ್ನೊಂದು ಕೆಲಸವಿದೆ. ದೋಣಿಯ ಒಂದು ಒರಟು ನಕ್ಷೆ ಬರೆದು, ಚುಕ್ಕೆಗಳು ಕಂಡ ಜಾಗಗಳನ್ನೆಲ್ಲ ಅದರಲ್ಲಿ ಗುರುತಿಸಿಟ್ಟುಕೊಳ್ಳಬೇಕು. ಗಾಳಿ ತಲುಪದೆ ಉಳಿದ ಮೂಲೆಗಳು ಅವೇ ಆಗಿರುತ್ತವೆ. ಬರುವ ಅಕ್ಟೋಬರ್‌ನಲ್ಲಿ ಮರದ ತುಂಡುಗಳನ್ನು ಮೊದಲು ಅಲ್ಲಿಯೇ ಕೊಡಬೇಕು.