ಕುಂಬಳೆ ಅಳಿವೆಯಲ್ಲಿ ಇಳಿತದ ಹೊತ್ತು

ಚಳಿಗಾಲದಲ್ಲಿ ಕಾಸರಗೋಡಿನ ಕುಂಬಳೆ, ಮೊಗ್ರಾಲ್, ಶಿರಿಯ ಅಳಿವೆಗಳಿಗೆ (ಹೊಳೆ ಕಡಲು ಸೇರುವ ಜಾಗ) ವಲಸೆ ಬರುವ ದಡದ ಹಕ್ಕಿಗಳನ್ನು ನೋಡಲು ಹೋಗುವವರು ಮೊದಲು ಪಂಚಾಂಗ ನೋಡಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತವೂ (ಉಬ್ಬರ) ಜಾಸ್ತಿ, ಇಳಿತವೂ ಜಾಸ್ತಿ. ನೀರು ಹಿಂದೆ ಸರಿದಷ್ಟೂ ಕೆಸರು ಹೊರಬೀಳುತ್ತದೆ. ಅದರೊಳಗಿನ ಹುಳ, ಮರುವಾಯಿ (ಚಿಪ್ಪಿನ ಜೀವಿ), ಸಣ್ಣ ಏಡಿಗಳೇ ಈ ಹಕ್ಕಿಗಳ ಊಟ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಈ ಭಾನುವಾರ ಬೆಳಿಗ್ಗೆ ಹಕ್ಕಿ ತುಂಬಿದ್ದ ಜಾಗ ಮುಂದಿನ ಭಾನುವಾರ ಅದೇ ಹೊತ್ತಿಗೆ ನೀರಿನಡಿ ಇರುತ್ತದೆ.

ಮೇಯುವ ಬಗೆಯನ್ನು ಸುಮ್ನೆ ನಿಂತು ನೋಡಿ. ನನಗಂತೂ ಗುರುತು ಹಿಡಿಯುವುದಕ್ಕಿಂತ ಇದೇ ಹೆಚ್ಚು ಇಷ್ಟ. ಲಡಾಖ್, ಟಿಬೆಟ್ ಎತ್ತರದಲ್ಲಿ ಮರಿ ಮಾಡುವ ಸ್ಯಾಂಡ್ ಪ್ಲವರ್‌ಗೆ ಕೊಕ್ಕು ಗಿಡ್ಡ, ಕಣ್ಣು ದೊಡ್ಡದು. ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಕುಕ್ಕುತ್ತದೆ. ನಿಂತ ಆ ಕ್ಷಣ ಅದು ಮರಳಿನ ಮೇಲೆ ಏನಾದರೂ ಅಲುಗುತ್ತಿದೆಯೇ ಎಂದು ನೋಡುತ್ತಿರುತ್ತದೆ. ಡನ್ಲಿನ್ ಥರದ ಸ್ಯಾಂಡ್‌ಪೈಪರ್‌ಗಳು ಹಾಗಲ್ಲ. ತಲೆ ತಗ್ಗಿಸಿ, ಹೊಲಿಗೆ ಯಂತ್ರದ ಸೂಜಿಯಂತೆ ಕೆಸರಿಗೆ ಕೊಕ್ಕು ಚುಚ್ಚುತ್ತಾ ಹೋಗುತ್ತವೆ. ಅವುಗಳ ಕೊಕ್ಕಿನ ತುದಿಯ ಎಲುಬಿನಲ್ಲಿ ಸಣ್ಣ ಸಣ್ಣ ಗುಳಿಗಳಿವೆ. ಒತ್ತಡ, ಕಂಪನ ತಿಳಿಯುವ ನರದ ತುದಿಗಳು ಅಲ್ಲಿವೆ. ಹೀಗೆ ಮುಟ್ಟಿಯೇ ಹುಳ ಹುಡುಕಬಲ್ಲವಾದ್ದರಿಂದ ರಾತ್ರಿಯ ಇಳಿತದಲ್ಲೂ ಮೇಯುತ್ತವೆ.

ಈ ತಿನಿಸೆಲ್ಲ ಕೊಬ್ಬಾಗಬೇಕು. ಆ ಕೊಬ್ಬೇ ಮರಿ ಮಾಡುವ ಜಾಗಕ್ಕೆ ವಾಪಸು ಹಾರಲು ಇಂಧನ. 2022ರಲ್ಲಿ ಸ್ಯಾಂಡ್‌ಪೈಪರ್ ಬಳಗದ್ದೇ ಒಂದು ಎಳೆಯ ಗಾಡ್ವಿಟ್ ಹಕ್ಕಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 11 ದಿನ ಎಲ್ಲೂ ಇಳಿಯದೆ 13,560 ಕಿ.ಮೀ. ಹಾರಿತ್ತು! ಒಳ್ಳೆಯ ಫೋಟೊ ಸಿಗಲಿ ಎಂದು ಹಿಂಡಿನತ್ತ ಓಡುವುದು, ನಾಯಿ ಬಿಡುವುದು ದಯವಿಟ್ಟು ಬೇಡ. ಎದ್ದು ಹಾರಿದಾಗಲೆಲ್ಲ ಕೂಡಿಟ್ಟ ಕೊಬ್ಬು ಕರಗುತ್ತದೆ, ಮೇಯುವ ಹೊತ್ತೂ ಹೋಗುತ್ತದೆ. ಇಳಿತ ಇರುವುದೇ ಕೆಲವು ಗಂಟೆ, ಅಲ್ವಾ?

ಮೇಲೆ ಕಡಲ ಹದ್ದು ಸುತ್ತುತ್ತಿದ್ದರೆ ಅದನ್ನೂ ನೋಡಿ. ಅದು ವಲಸೆಯದ್ದಲ್ಲ, ಇಲ್ಲಿಯದೇ. ಕಾಸರಗೋಡು ಜಿಲ್ಲೆಯ ಅಧಿಕೃತ ಪಕ್ಷಿ. ಎತ್ತರದ ಮರದಲ್ಲಿ ಕಟ್ಟಿದ ಗೂಡನ್ನೇ ವರ್ಷ ವರ್ಷವೂ ಬಳಸುತ್ತದೆ. ಹಾಗಾಗಿ ಅಂಥ ಒಂದು ಹಳೇ ಮರ ಕಡಿದರೆ ನಷ್ಟ ಒಂದು ಮರದ್ದಷ್ಟೇ ಅಲ್ಲ.

ನಮ್ಮ ಕಡಲು ಪಡುವಣಕ್ಕಿದೆ. ಬೆಳಿಗ್ಗೆ ಹೋದರೆ ಬಿಸಿಲು ಬೆನ್ನಿಗಿರುತ್ತದೆ, ಬಣ್ಣ ಸರಿಯಾಗಿ ಕಾಣುತ್ತದೆ. ಭರತ ಏರಲು ಶುರುವಾದಾಗ ಅಲ್ಲಾಡದೆ ಕೂತಿರಿ. ನೀರೇ ಹಕ್ಕಿಗಳನ್ನು ನಿಮ್ಮತ್ತ ತಳ್ಳಿಕೊಂಡು ಬರುತ್ತದೆ.