ಹಿಮದೊಳಗಿನ ಶೇಡಿ

2016ರ ಫೆಬ್ರುವರಿಯ ಆ ವಾರ ಶಿರಸಿಯ ಚಹಾದ ಅಂಗಡಿಗಳಲ್ಲಿ, ಕಾರವಾರದ ಬಸ್ ನಿಲ್ದಾಣದಲ್ಲಿ, ಎಲ್ಲಿ ಹೋದರೂ ಒಂದೇ ಮಾತು ಕೇಳಿಬರುತ್ತಿತ್ತು. ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯ ಮೇಲೆ, ಸುಮಾರು 19,600 ಅಡಿ ಎತ್ತರದಲ್ಲಿ, ಹಿಮದ ಗೋಡೆ ಕುಸಿದು ಹತ್ತು ಯೋಧರು ಹೂತುಹೋಗಿದ್ದರು. ಆರನೆಯ ದಿನ ಅವರಲ್ಲಿ ಒಬ್ಬರು, ನಮ್ಮ ನೆರೆಯ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಉಸಿರಾಡುತ್ತಿರುವ ಸ್ಥಿತಿಯಲ್ಲಿ ಸಿಕ್ಕರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಿಮಕುಸಿತವೆಂದರೆ ಕನ್ನಡಿಗರಲ್ಲಿ ಬಹಳಷ್ಟು ಮಂದಿಗೆ ಇಂದಿಗೂ ನೆನಪಾಗುವುದು ಇದೇ ಘಟನೆ. ಆದರೆ ಇದರಿಂದ ನಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟಿರುವ ಎರಡು ಕಲ್ಪನೆಗಳು, ಎಂದರೆ ಹಿಮ ಮೇಲಿನಿಂದ ಬಂದು ಮನುಷ್ಯನ ಮೇಲೆ ಬೀಳುತ್ತದೆ ಎನ್ನುವುದು ಮತ್ತು ಹೂತವರನ್ನು ಹುಡುಕಲು ದಿನಗಟ್ಟಲೆ ಸಮಯವಿರುತ್ತದೆ ಎನ್ನುವುದು, ಮೋಜಿಗಾಗಿ ಸ್ಕೀ ಕಟ್ಟಿಕೊಂಡು ಬೆಟ್ಟವಿಳಿಯುವವರ ಮಟ್ಟಿಗೆ ಪೂರ್ತಿ ತಪ್ಪು.

ಪದದ ಗೊಂದಲವನ್ನೂ ಇಲ್ಲಿಯೇ ಮುಗಿಸಿಬಿಡುತ್ತೇನೆ. ಹಿಮ ಸುರಿಯುವುದಕ್ಕೂ ಹಿಮ ಜಾರುವುದಕ್ಕೂ ನಮ್ಮ ಪತ್ರಿಕೆಗಳು ‘ಹಿಮಪಾತ’ ಎಂದೇ ಬರೆಯುತ್ತವೆ. ಮಳೆಗೂ ಗುಡ್ಡ ಕುಸಿತಕ್ಕೂ ಒಂದೇ ಹೆಸರಿಟ್ಟರೆ ಹೇಗಿದ್ದೀತೋ ಇದೂ ಹಾಗೆಯೇ. ಈ ಲೇಖನದಲ್ಲಿ ಸುರಿಯುವುದು ಹಿಮಪಾತ, ಜಾರುವುದು ಹಿಮಕುಸಿತ.

ಇದನ್ನು ಬರೆಯಲು ಕಾರಣ ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವನು ಎರಡು ಚಳಿಗಾಲ ಗುಲ್ಮಾರ್ಗಿನಲ್ಲಿ ಸ್ಕೀ ಕಲಿತು, ಮೂರನೆಯ ವರ್ಷ ಕಾವಲುಗಾರರು ನೋಡಿಕೊಳ್ಳುವ ಹಾದಿಯನ್ನು ಬಿಟ್ಟು ಅಫರ್ವಾಟ್ ಬೆಟ್ಟದ ತೆರೆದ ಇಳಿಜಾರುಗಳಿಗೆ ಹೋಗುವ ಹುರುಪಿನಲ್ಲಿದ್ದ. ಇಂಥ ಕಡೆ ಹಿಮವನ್ನು ಪರೀಕ್ಷಿಸಿ, ಬೇಕಾದರೆ ಸ್ಫೋಟಕ ಹಾಕಿ ಮೊದಲೇ ಬೀಳಿಸಿ, ದಾರಿ ಸುರಕ್ಷಿತವೆಂದು ಹೇಳುವವರು ಯಾರೂ ಇರುವುದಿಲ್ಲ. ಮನೆಯ ಜಗುಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಒಂದು ಬಿಳಿಯ ಇಳಿಜಾರನ್ನು ತೋರಿಸುತ್ತ ಅವನೆಂದ: “ನಾಕು ಜನ ಆಗ್ಲೇ ಇಳದ ಗುರ್ತು ಇದ್ದು ಮಾವ, ಎಂಗೆ ಎಂತ ಆಗ್ತು?” ಅದೇ ಅಫರ್ವಾಟಿನಲ್ಲಿ 2023ರ ಫೆಬ್ರುವರಿ 1ರಂದು ಪೋಲೆಂಡಿನ ಇಬ್ಬರು ಸ್ಕೀಗಾರರು ಸತ್ತಿದ್ದರು. 2010ರ ಫೆಬ್ರುವರಿ 8ರಂದು ಪಕ್ಕದ ಖಿಲನ್‌ಮಾರ್ಗಿನಲ್ಲಿ ತರಬೇತಿಯಲ್ಲಿದ್ದ 17 ಯೋಧರು ಹಿಮದಡಿ ಜೀವ ಕಳೆದುಕೊಂಡಿದ್ದರು. ಅವನ ಪ್ರಶ್ನೆಗೆ ಉತ್ತರ ಕೊಡಲು ನಾನು ಅವನನ್ನು ಹಿತ್ತಿಲಿನಲ್ಲಿ ಗುಡ್ಡ ಕಡಿದ ಧರೆಯ ಬಳಿ ಕರೆದುಕೊಂಡು ಹೋದೆ.

ಉತ್ತರ ಕನ್ನಡದಲ್ಲಿ ಮನೆಗಾಗಿಯೋ ರಸ್ತೆಗಾಗಿಯೋ ಗುಡ್ಡ ಕಡಿದವರೆಲ್ಲರೂ ನೋಡಿರುವ ದೃಶ್ಯವದು. ಮೇಲೆ ಕೆಂಪು ಚಿರೆಕಲ್ಲು, ಹಾರೆಗೂ ಸುಲಭಕ್ಕೆ ಬಗ್ಗದಷ್ಟು ಗಟ್ಟಿ. ಅದರ ಕೆಳಗೆ ಬಿಳಿ, ನಸುಗೆಂಪು, ಹಳದಿ ಬೆರೆತ ಶೇಡಿ ಮಣ್ಣು. ಬೇಸಿಗೆಯಲ್ಲಿ ಈ ಶೇಡಿಯೂ ಕಲ್ಲಿನಂತೆಯೇ ಇರುತ್ತದೆ. ಮಳೆಗಾಲದಲ್ಲಿ ಬೆರಳಿನಿಂದ ಒತ್ತಿದರೆ ಬೆಣ್ಣೆಯಂತೆ ಒಳಗಿಳಿಯುತ್ತದೆ. ಚಿರೆಕಲ್ಲಿನ ತೂತುಗಳಲ್ಲಿ ಇಳಿದ ನೀರು ಶೇಡಿಯ ಬಳಿ ತಡೆದು ನಿಂತು ಅದನ್ನು ಮೆದುಗೊಳಿಸಿದಾಗ, ಮೇಲಿನ ಗಟ್ಟಿ ಪದರ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಅದು ಕುಳಿತಿರುವ ಆಸನವೇ ಜಾರತೊಡಗಿರುತ್ತದೆ. ಬೆಟ್ಟದ ಬುಡವನ್ನು ಕಡಿದರಂತೂ ಕೇಳುವುದೇ ಬೇಡ; 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಂದದ್ದನ್ನು ಮರೆತವರು ಇಲ್ಲಿ ಯಾರೂ ಇಲ್ಲ.

ಹಿಮದ ಬೆಟ್ಟದಲ್ಲಿಯೂ ಸ್ಕೀಗಾರರನ್ನು ಹೆಚ್ಚಾಗಿ ಕೊಲ್ಲುವುದು ಇಂಥದೇ ರಚನೆ: ಮೇಲೆ ಒಂದಕ್ಕೊಂದು ಅಂಟಿಕೊಂಡ ಹಿಮದ ಹಲಗೆ, ಕೆಳಗೆ ಅಂಟಿಲ್ಲದ ಒಂದು ದುರ್ಬಲ ಪದರ, ಅದರ ಕೆಳಗೆ ಹಳೆಯ ಹಿಮ ಅಥವಾ ನೆಲ. ವ್ಯತ್ಯಾಸವಿರುವುದು ಆ ಪದರ ದುರ್ಬಲವಾಗುವ ರೀತಿಯಲ್ಲಿ. ನಮ್ಮ ಶೇಡಿಯನ್ನು ಕೆಡಿಸುವುದು ನೀರು; ಒಣ ಹಿಮವನ್ನು ಕೆಡಿಸುವುದು ಚಳಿ. ಹಿಮದ ಹೊದಿಕೆಯ ಅಡಿಯಲ್ಲಿ ನೆಲದ ಉಷ್ಣತೆ ಸುಮಾರು 0 ಡಿಗ್ರಿಯಲ್ಲಿಯೇ ನಿಂತಿರುತ್ತದೆ. ಮೇಲ್ಮೈ ರಾತ್ರಿ ಶೂನ್ಯಕ್ಕಿಂತ 15-20 ಡಿಗ್ರಿ ಕೆಳಗಿಳಿಯಬಹುದು. ಪ್ರತಿ 10 ಸೆಂಟಿಮೀಟರಿಗೆ 1 ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸ ಉಂಟಾದರೆ, ಬೆಚ್ಚಗಿರುವ ಕೆಳಗಿನ ಹರಳುಗಳಿಂದ ಆವಿ ಎದ್ದು ಮೇಲಿನ ಹರಳುಗಳ ಮೇಲೆ ಕೂಡುತ್ತ ಹೋಗುತ್ತದೆ. ದಿನಗಳು ಕಳೆದಂತೆ ಒಂದಕ್ಕೊಂದು ಹೆಣೆದುಕೊಂಡಿದ್ದ ಹಿಮ ಮೂಲೆಮೂಲೆಯಾದ, ಬಿಡಿಬಿಡಿಯಾದ ದಪ್ಪ ಹರಳುಗಳಾಗಿ ಮಾರ್ಪಡುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ ನೋಡಿದವರಿಗೆ ಈ ಹಿಮದ ಗುಣ ಅರ್ಥವಾಗುತ್ತದೆ: ಎಷ್ಟು ಒತ್ತಿದರೂ ಉಂಡೆಯಾಗದು, ಬೆರಳು ಬಿಟ್ಟೊಡನೆ ಸುರಿದುಹೋಗುತ್ತದೆ.

ಹೊದಿಕೆ ತೆಳುವಾಗಿದ್ದಷ್ಟೂ ಈ ವ್ಯತ್ಯಾಸ ತೀವ್ರವಾಗುವುದರಿಂದ, ಹಿಮ ಕಡಿಮೆ ಬಿದ್ದ ಚಳಿಗಾಲ ಸುರಕ್ಷಿತ ಎಂದುಕೊಳ್ಳುವುದು ತಪ್ಪು. ಇನ್ನೊಂದು ದುರ್ಬಲ ಪದರ ನೋಡಲು ಬಲು ಚೆಂದ. ಮೋಡವಿಲ್ಲದ ಡಿಸೆಂಬರಿನ ರಾತ್ರಿಗಳಲ್ಲಿ ನಮ್ಮ ತೋಟದ ಹುಲ್ಲಿನ ಮೇಲೆ ಇಬ್ಬನಿ ಕೂಡುವಂತೆಯೇ ಅಲ್ಲಿ ಹಿಮದ ಮೇಲೆ ಗರಿಯಾಕಾರದ ಮಂಜಿನ ಹರಳುಗಳು ಬೆಳೆಯುತ್ತವೆ. ಮರುದಿನ ಹೊಸ ಹಿಮ ಬಿದ್ದು ಅವನ್ನು ಮುಚ್ಚಿದರೆ, ವಾರಗಳವರೆಗೆ ಒಳಗೆ ಕಾದು ಕುಳಿತಿರುತ್ತವೆ.

ಇಂಥ ಹಲಗೆಯ ಮೇಲೆ ಸ್ಕೀಗಾರನ ಭಾರ ಬಿದ್ದಾಗ ಅವನ ಕಾಲಡಿಯ ಸಣ್ಣ ಜಾಗದಲ್ಲಿ ಹರಳುಗಳು ಕುಸಿಯುತ್ತವೆ. ಶಾಲೆಯ ಮುಂದೆ ಸಾಲಾಗಿ ನಿಲ್ಲಿಸಿದ ಸೈಕಲ್ಲುಗಳಲ್ಲಿ ಒಂದನ್ನು ತಳ್ಳಿದರೆ ಉಳಿದವು ಬೀಳುವಂತೆ ಆ ಕುಸಿತ ಪದರದುದ್ದಕ್ಕೂ ಓಡುತ್ತದೆ, ಮೇಲಿನ ಹಲಗೆ ಸೀಳಿ ಇಳಿಜಾರಿಗೆ ಇಳಿಜಾರೇ ಜಾರುತ್ತದೆ. ಮಾರಣಾಂತಿಕ ಅಪಘಾತಗಳಲ್ಲಿ ಸುಮಾರು ಹತ್ತರಲ್ಲಿ ಒಂಬತ್ತರಲ್ಲಿ ಹಿಮವನ್ನು ಕೆದಕಿದವರು ಸತ್ತವರೇ ಅಥವಾ ಅವರ ಜೊತೆಯವರೇ. ಹಲಗೆಯ ದಪ್ಪ ಎಲ್ಲ ಕಡೆ ಒಂದೇ ಆಗಿರುವುದಿಲ್ಲವಾದ್ದರಿಂದ, ನಾಲ್ವರು ದಪ್ಪ ಜಾಗದಲ್ಲಿ ದಾಟಿ ಐದನೆಯವನು ತೆಳು ಜಾಗವನ್ನು ಮುಟ್ಟಿದರೆ ಸಾಕು. ಅಳಿಯನ ಪ್ರಶ್ನೆಗೆ ಉತ್ತರ ಇದೇ.

ಪುಣ್ಯಕ್ಕೆ ಈ ಅಪಾಯಕ್ಕೆ ಒಂದು ಅಳತೆಯಿದೆ. ಹಲಗೆ ಜಾರುವುದು ಮುಖ್ಯವಾಗಿ 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾದರೆ ಹಿಮ ಹೆಚ್ಚು ಹೊತ್ತು ನಿಲ್ಲದೆ ಬಿದ್ದಂತೆಲ್ಲ ಉದುರುತ್ತದೆ, 30ಕ್ಕಿಂತ ಕಡಿಮೆಯಾದರೆ ಜಾರುವುದು ಅಪರೂಪ. ನಮ್ಮ ಕಡೆಯ ಹೆಂಚಿನ ಮಾಡುಗಳು ಅನೇಕ ಇದೇ 30ರ ಆಸುಪಾಸಿನಲ್ಲಿರುತ್ತವೆ. ‘ಮಾಡಿಗಿಂತ ಕಡಿದೋ, ಅಲ್ಲವೋ’ ಎಂದು ಕೇಳಿಕೊಳ್ಳುವುದು ಮೊದಲ ಅಂದಾಜಿಗೆ ಸಾಕು, ಆದರೆ ಕಣ್ಣು ಮೋಸ ಮಾಡುವುದರಿಂದ ಕೋನವನ್ನು ಅಳೆದೇ ನೋಡಬೇಕು. ಸ್ಕೀಗೆ ಅತಿ ಹೆಚ್ಚು ಮಜಾ ಕೊಡುವ ಇಳಿಜಾರೂ ಸರಿಯಾಗಿ ಇದೇ ಅಳತೆಯದು ಎನ್ನುವುದು ಪ್ರಕೃತಿಯ ಕುಚೋದ್ಯವಿರಬೇಕು. ನಾವು ನಿಂತ ಜಾಗ ಸಮತಟ್ಟಾಗಿದ್ದು ಮೇಲಿನ ಇಳಿಜಾರು ಕಡಿದಾಗಿದ್ದರೂ ಅಪಾಯ ತಪ್ಪಿದ್ದಲ್ಲ, ಕೆಳಗೆ ಕೊರಕಲೋ ಹಳ್ಳವೋ ಇದ್ದರೆ ಸಣ್ಣ ಕುಸಿತವೂ ಆಳವಾಗಿ ಹೂಳುತ್ತದೆ.

ಬೆಟ್ಟ ತಾನಾಗಿಯೇ ಕೊಡುವ ಸೂಚನೆಗಳೂ ಇವೆ. ಪಕ್ಕದ ಇಳಿಜಾರುಗಳಲ್ಲಿ ಹೊಸ ಕುಸಿತದ ಗುರುತು, ಕಾಲಿಟ್ಟಲ್ಲಿಂದ ಹಿಮದಲ್ಲಿ ಸರ್ರನೆ ಓಡುವ ಬಿರುಕು, ಒಮ್ಮೆಲೇ ಏರಿದ ಬಿಸಿಲು, ಹಿಂದಿನ ದಿನದ ಭಾರಿ ಹಿಮಪಾತ, ಗಾಳಿ. ಗಾಳಿಯನ್ನು ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಕಾಶ ತಿಳಿಯಾಗಿರುವಾಗಲೂ ಅದು ಒಂದು ಮಗ್ಗುಲಿನ ಹಿಮವನ್ನು ಗುಡಿಸಿ ತಂದು ಇನ್ನೊಂದು ಮಗ್ಗುಲಿನಲ್ಲಿ ಹಲಗೆ ಕಟ್ಟುತ್ತದೆ, ಹಿಮಪಾತಕ್ಕಿಂತ ಎಷ್ಟೋ ಪಟ್ಟು ವೇಗವಾಗಿ. ಎಲ್ಲಕ್ಕಿಂತ ಸ್ಪಷ್ಟವಾದ ಎಚ್ಚರಿಕೆಯೆಂದರೆ ನಡೆಯುವಾಗ ಹಿಮದ ಒಳಗಿನಿಂದ ‘ಧೊಪ್ಪ್’ ಎಂದು ಕೇಳುವ ಸದ್ದು, ದುರ್ಬಲ ಪದರ ಆಗಲೇ ಕುಸಿಯಿತೆನ್ನುವುದರ ಸದ್ದು. ಅದನ್ನು ಕೇಳಿದ ಮೇಲೂ ಕಡಿದಾದ ಇಳಿಜಾರಿಗೆ ಹೋಗುವವರಿಗೆ ಹೇಳುವುದೇನೂ ಉಳಿದಿರುವುದಿಲ್ಲ.

ಭಾರತದಲ್ಲಿ ಹಿಮಾಲಯದ ಹಿಮಕುಸಿತದ ಮುನ್ಸೂಚನೆಯನ್ನು ರಕ್ಷಣಾ ಸಂಶೋಧನಾ ಸಂಸ್ಥೆಯ ಅಂಗವಾದ ಡಿಜಿಆರ್‌ಇ ನೀಡುತ್ತದೆ. ಜಗತ್ತಿನ ಹಲವೆಡೆ ಬಳಕೆಯಲ್ಲಿರುವ ಅಪಾಯದ ಮಾಪಕದಲ್ಲಿ ಒಂದರಿಂದ ಐದರವರೆಗೆ ಏರುವ ಐದು ಹಂತಗಳಿದ್ದು, ಯುರೋಪಿನ ಅನುಭವದಲ್ಲಿ ಹೆಚ್ಚು ಜನ ಸಾಯುವುದು ನಾಲ್ಕರಲ್ಲಾಗಲೀ ಐದರಲ್ಲಾಗಲೀ ಅಲ್ಲ, ಮೂರರಲ್ಲಿ. ನಾಲ್ಕೆಂದರೆ ಜನ ಮನೆಯಲ್ಲಿಯೇ ಉಳಿಯುತ್ತಾರೆ. ಮೂರು ನಡುವಿನ ಸಂಖ್ಯೆಯಾದ್ದರಿಂದ ‘ಪರವಾಗಿಲ್ಲ’ ಎಂದು ಕಿವಿಗೆ ಕೇಳಿಸುತ್ತದೆ. ಅಮೆರಿಕದ ಇಯಾನ್ ಮೆಕಾಮನ್ ಎನ್ನುವವರು ಏಳುನೂರಕ್ಕೂ ಹೆಚ್ಚು ಅಪಘಾತಗಳನ್ನು ಪರಿಶೀಲಿಸಿ ತೋರಿಸಿದ್ದೂ ಇಂಥ ಮನಸ್ಸಿನ ಜಾರುಬಂಡೆಗಳನ್ನೇ: ಪರಿಚಯದ ಜಾಗವೆಂಬ ಧೈರ್ಯ, ಗುಂಪಿನಲ್ಲಿ ಬಲ್ಲವನೊಬ್ಬನಿದ್ದಾನೆಂಬ ಭರವಸೆ, ಇಷ್ಟು ದೂರ ಬಂದು ಹಿಂದಿರುಗುವುದೇ ಎಂಬ ಹಟ.

ಇನ್ನು ಸಮಯದ ಮಾತು. ಹೂತವರನ್ನು 15 ನಿಮಿಷದೊಳಗೆ ಹೊರತೆಗೆದರೆ ಸುಮಾರು ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ, 35 ನಿಮಿಷವಾಗುವಷ್ಟರಲ್ಲಿ ಮೂವರು. ಹೆಚ್ಚಿನವರು ಸಾಯುವುದು ಚಳಿಯಿಂದಲ್ಲ, ಉಸಿರುಕಟ್ಟಿ. ಹರಿಯುವಾಗ ನೀರಿನಂತಿದ್ದ ಹಿಮ ನಿಂತ ಕೂಡಲೇ ಬಿಗಿದುಕೊಂಡು ಬೆರಳನ್ನೂ ಅಲುಗಿಸಲು ಬಿಡುವುದಿಲ್ಲ. ಆದ್ದರಿಂದ ಹೊರಗಿನ ನೆರವು ಎಷ್ಟು ಬೇಗ ಹೊರಟರೂ ತಡವೇ; ಉಳಿಸಬಲ್ಲವರು ಜೊತೆಯಲ್ಲಿರುವವರು ಮಾತ್ರ. ಇದಕ್ಕಾಗಿ ಗುಂಪಿನ ಪ್ರತಿಯೊಬ್ಬರ ಮೈಮೇಲೆ 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುವ ಬೀಕನ್, ಚೀಲದಲ್ಲಿ ಚುಚ್ಚಿ ನೋಡುವ ಉದ್ದನೆಯ ಮಡಚುಕೋಲು ಮತ್ತು ಲೋಹದ ಸಲಿಕೆ ಇರಲೇಬೇಕು. ಅಪಾಯದ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟಬೇಕು, ಉಳಿದವರು ಕಣ್ಣಿಟ್ಟು ನೋಡುತ್ತಿರಬೇಕು. ಗಾಳಿ ತುಂಬಿಕೊಳ್ಳುವ ಚೀಲಗಳೂ ಬಂದಿವೆ. ಅಕ್ಕಿಯ ಡಬ್ಬಿಯಲ್ಲಿ ಹುಗಿದ ಅಡಿಕೆ ಅಲ್ಲಾಡಿಸಿದಾಗ ಮೇಲೆ ಬರುವ ತತ್ವದಲ್ಲಿಯೇ ಅವು ಮನುಷ್ಯನನ್ನು ಮೇಲೆ ಉಳಿಸುತ್ತವೆ, ಆದರೆ ಬಂಡೆಗೋ ಮರಕ್ಕೋ ಬಡಿಯುವುದನ್ನು ತಪ್ಪಿಸಲಾರವು.

ಅಳಿಯ ಗೆಳೆಯರಿಂದ ಎರಡು ಬೀಕನ್ ತಂದಿದ್ದ. ಸೊಪ್ಪಿನ ಬೆಟ್ಟದಲ್ಲಿ ಗುಡಿಸಿ ಒಟ್ಟಿದ್ದ ದರಕಿನ, ಎಂದರೆ ಒಣ ಎಲೆಗಳ, ರಾಶಿಗಳಲ್ಲಿ ಒಂದರೊಳಗೆ ನಾನು ಒಂದು ಬೀಕನ್ ಹುಗಿದು ಬಂದೆ, ಅವನು ಇನ್ನೊಂದನ್ನು ಹಿಡಿದು ಹುಡುಕಿದ. ಬಾಣದ ಗುರುತು ತೋರಿಸಿದ ಕಡೆ ಓಡಿ, ದಾಟಿಹೋಗಿ, ಮತ್ತೆ ತಿರುಗಿ, ಮೊದಲ ಸಲ ಅವನಿಗೆ ಹನ್ನೊಂದು ನಿಮಿಷ ಹಿಡಿಯಿತು. ಕೊನೆಯ ಕೆಲವು ಅಡಿಗಳಲ್ಲಿ ಬೀಕನ್ನನ್ನು ನೆಲಕ್ಕೆ ತಾಗಿಸಿ ನಿಧಾನವಾಗಿ ಅಡ್ಡ, ಉದ್ದ ಸರಿಸಬೇಕೆನ್ನುವುದು ಕೈಗೆ ಬಂದ ಮೇಲೆ ಮೂರನೆಯ ಸಲ ನಾಲ್ಕು ನಿಮಿಷ. ಅವನು ಗೆದ್ದವನಂತೆ ನನ್ನತ್ತ ನೋಡಿದ. ಒಂದು ಮೀಟರ್ ಆಳದಲ್ಲಿರುವವನನ್ನು ತೆಗೆಯಲು ಒಂದು ಟನ್ನಿನಷ್ಟು ಬಿಗಿದ ಹಿಮವನ್ನು ಸರಿಸಬೇಕಾಗುತ್ತದೆಂದು ಹೇಳಿ, ಕೊಟ್ಟಿಗೆಯಿಂದ ಸಲಿಕೆ ತಂದು ಅವನ ಕೈಗೆ ಕೊಟ್ಟೆ.